ಯಾರೂ ಕೊಡದಿದ್ದ ನೌಕರಿ

ಹಾಸನದ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ನಾನು ಆರು ವರ್ಷ ಕೂತಿದ್ದೆ. ಬೆಳಗ್ಗೆ ಕಿಟಕಿ ತೆರೆಯುವ ಮೊದಲೇ ಹೊರಗೆ ಜನ. "ಅಕ್ಕಾ, ಅರಕಲಗೂಡು ಗಾಡಿ ಹೋಯ್ತಾ?" "ಅಮ್ಮಾವ್ರೇ, ಬೇಲೂರಿಗೆ ಇನ್ನೆಷ್ಟೊತ್ತು?" ಒಂದೇ ಪ್ರಶ್ನೆಯನ್ನು ದಿನಕ್ಕೆ ನೂರು ಸಲ ಕೇಳಿ ಕೇಳಿ, ಮನೆಗೆ ಬಂದ ಮೇಲೆ ಅಮ್ಮ "ಊಟ ಹಾಕ್ಲಾ?" ಅಂದರೂ ಸಿಡುಕುತ್ತಿದ್ದೆ. ಯಾರೂ ಏನೂ ಕೇಳದ ಜಾಗಕ್ಕೆ ಹೋಗಿ ಕೂತುಬಿಡಬೇಕು ಅನ್ನಿಸುತ್ತಿತ್ತು. ಮೂವತ್ತು ತುಂಬುವ ಹೊತ್ತಿಗೆ ಮದುವೆಯಾಗಿ, ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿಗೆ ಬಂದೆ.

ಗಂಡ ಬೆಳಗ್ಗೆ ಏಳೂವರೆಗೆ ಹೋದರೆ ಬರುತ್ತಿದ್ದುದು ಸಂಜೆ ಏಳರ ಮೇಲೆ. ಇಬ್ಬರ ಅಡುಗೆ ಎಂಟೂವರೆಗೇ ಮುಗಿಯುತ್ತಿತ್ತು. ನೆಲ ಒರೆಸೋಣವೆಂದರೆ ನೆಲವೇ ಇಲ್ಲ, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು. ಬಟ್ಟೆ ಒಗೆಯಲು ಮೆಷಿನ್ನು, ಒಣಗಿಸಲೂ ಮೆಷಿನ್ನು. ನನ್ನ ವೀಸಾದಲ್ಲಿ ಕೆಲಸಕ್ಕೆ ಸೇರುವಂತಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಗ್ರೋಸರಿ ಅಂಗಡಿಗೆ ನಡೆದುಹೋಗಿ, ಡಬ್ಬಿಗಳ ಮೇಲೆ ಬರೆದದ್ದನ್ನೆಲ್ಲ ಓದುತ್ತಾ ಒಂದು ಗಂಟೆ ಕಳೆದು, ಏನನ್ನೂ ಕೊಳ್ಳದೆ ಬರುತ್ತಿದ್ದೆ. ಒಂದು ದಿನ ಅಲ್ಲಿಯ ಕೆಲಸದವಳು ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಉಪ್ಪು ಅಂದೆ. ಮನೆಯಲ್ಲಿ ಆಗಲೇ ಮೂರು ಡಬ್ಬಿ ಉಪ್ಪಿತ್ತು.

ಅದನ್ನು ಬೇಸರ ಅನ್ನಬೇಕೋ ಬೇರೇನಾದರೂ ಅನ್ನಬೇಕೋ ನನಗೆ ಈಗಲೂ ತಿಳಿಯದು. ಊರಿನ ನೆನಪಾಗಿ ಅಳು ಬರುತ್ತಿತ್ತು ಅಂದರೆ ಸುಳ್ಳಾಗುತ್ತದೆ. ಗಂಡ ಒಳ್ಳೆಯವರು, ಕೊರತೆ ಏನೂ ಇರಲಿಲ್ಲ. ಬೆಳಗಿನ ಹನ್ನೊಂದರ ಹೊತ್ತಿಗೆ ಕೈ ಒರೆಸಿಕೊಂಡು ಅಡುಗೆಮನೆಯಲ್ಲಿ ನಿಂತರೆ, ಮುಂದೆ ಯಾವ ಕಡೆಗೆ ತಿರುಗಬೇಕು ಅನ್ನುವುದೇ ಗೊತ್ತಾಗದೆ ಅಲ್ಲೇ ನಿಂತಿರುತ್ತಿದ್ದೆ, ಅಷ್ಟೆ.

ಗಂಡನಿಗೆ ಹೇಳಿದರೆ, "ಲೈಬ್ರರಿಗೆ ಹೋಗು, ವಾಕಿಂಗ್ ಹೋಗು, ಎಷ್ಟೊಂದಿದೆ" ಅನ್ನುತ್ತಿದ್ದರು. ಅವರು ಮಂಡ್ಯದವರು, ಮಾತು ಕಡಿಮೆ. ಅದು ಎರಡು ಸಾವಿರದ ಇಸವಿ. ಯಾರನ್ನು ಕೇಳಿದರೂ ಇಂಟರ್ನೆಟ್ ಕಂಪನಿ ಅನ್ನುತ್ತಿದ್ದ ಕಾಲ. ಇವರದೂ ಅಂಥದೇ ಒಂದು. ಒಂದು ದಿನ ಊಟ ಮಾಡುತ್ತಾ ಕೇಳಿದೆ.

"ರೀ, ನಿಮ್ಮ ಆಫೀಸಲ್ಲಿ ನೀವು ಮಾಡೋದು ಏನನ್ನ?"

"ಒಂದು ಪ್ಲಾಟ್‌ಫಾರ್ಮು. ಕಂಪನಿಗಳು ಬೇರೆ ಕಂಪನಿಗಳ ಜೊತೆ ಮಾತಾಡೋಕೆ."

"ಏನು ಮಾತಾಡ್ತವೆ?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. "ಅದು ಇನ್ನೂ ಡಿಸೈಡ್ ಆಗಿಲ್ಲ ಕಣೆ."

ಇಬ್ಬರೂ ನಗಬಹುದಿತ್ತು. ಯಾಕೋ ನಗಲಿಲ್ಲ.

ಆ ಬೇಸಿಗೆಯ ಕೊನೆಯಲ್ಲಿ ನಮ್ಮ ಮನೆಯ ಫೋನಿಗೆ ತಪ್ಪು ಕರೆಗಳು ಬರಲು ಶುರುವಾದವು. ಮೊದಲನೆಯದು ಒಬ್ಬ ಗಂಡಸಿನದು. ಮಂಚ ಬಂದಿದೆ, ಕಾಲು ಬಂದಿಲ್ಲ ಎಂದು ಕೂಗಾಡಿದ. ರಾಂಗ್ ನಂಬರ್ ಎಂದು ಇಟ್ಟೆ. ಅರ್ಧ ಗಂಟೆಗೆ ಒಬ್ಬ ಹೆಂಗಸು, ತನ್ನ ಪುಸ್ತಕದ ಕಪಾಟಿಗೆ ಬಾಗಿಲು ಎರಡೂ ಎಡಗಡೆಯವೇ ಬಂದಿವೆ ಅಂದಳು. ಎರಡು ಮೂರು ದಿನದಲ್ಲಿ ಸಂಗತಿ ಗೊತ್ತಾಯಿತು. ಇಂಟರ್ನೆಟ್ಟಿನಲ್ಲಿ ಕುರ್ಚಿ, ಮೇಜು, ಮಂಚ ಮಾರುವ ಹೊಸ ಕಂಪನಿಯೊಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿತ್ತು. ಪೆಟ್ಟಿಗೆಯ ಜೊತೆ ಇಡುತ್ತಿದ್ದ ಚೀಟಿಯಲ್ಲಿ ಅವರ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾಗಿ ಅಚ್ಚಾಗಿದ್ದವು. ಹಾಗೆ ಬದಲಾದ ನಂಬರು ನಮ್ಮದು.

ಅಂಕಿ ಸರಿಮಾಡಿ ಆ ಕಂಪನಿಗೆ ನಾನೇ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿ ಲೈನು ಕಡಿದುಹೋಯಿತು. ಆಮೇಲೆ ಕರೆ ಮಾಡಿದವರಿಗೆಲ್ಲ ಸರಿಯಾದ ನಂಬರು ಕೊಡತೊಡಗಿದೆ. ಅವರು ಮಾರನೇ ದಿನ ಮತ್ತೆ ನನಗೇ ಮಾಡುತ್ತಿದ್ದರು. "ಅಲ್ಲಿ ಯಾರೂ ಎತ್ತುವುದಿಲ್ಲ. ನೀವಾದರೂ ಎತ್ತುತ್ತೀರಿ" ಎಂದು ಒಬ್ಬಳು ಅತ್ತೇಬಿಟ್ಟಳು. ಅವಳ ಅಳು ನಿಲ್ಲುವವರೆಗೆ ಕಾದು, "ಹೇಳಿ, ಬರೆದುಕೊಳ್ಳುತ್ತೇನೆ" ಅಂದೆ. ಯಾಕೆ ಹಾಗಂದೆನೋ! ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಬಂದಿತ್ತು.

ಹಾಗೆ ಶುರುವಾಯಿತು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಹೆಸರು, ಊರು, ವಿಳಾಸ, ಏನು ಬಂದಿದೆ, ಏನು ಬಂದಿಲ್ಲ ಎಂದು ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷು ಮೊದಮೊದಲು ತೊದಲುತ್ತಿತ್ತು. ಬ್ಯಾಂಕಿನವರೂ ಡಾಕ್ಟರ ಆಫೀಸಿನವರೂ ಫೋನಿನಲ್ಲಿ ಹೇಗೆ ಮಾತಾಡುತ್ತಾರೆಂದು ಗಮನಿಸಿ, ಅದೇ ರಾಗದಲ್ಲಿ "ಒಂದು ನಿಮಿಷ ಹೋಲ್ಡ್ ಮಾಡುತ್ತೀರಾ?" ಎನ್ನಲು ಕಲಿತೆ. ಹೋಲ್ಡ್ ಮಾಡಿಸಿ ಸುಮ್ಮನೆ ಗೋಡೆ ನೋಡುತ್ತಾ ಇಪ್ಪತ್ತು ಎಣಿಸಿ, "ಕಾದಿದ್ದಕ್ಕೆ ಥ್ಯಾಂಕ್ಸ್" ಅನ್ನುತ್ತಿದ್ದೆ. ಬರೆದುಕೊಂಡದ್ದನ್ನು ವಾರಕ್ಕೊಮ್ಮೆ ಕಂಪನಿಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಹಣೆಗಿಟ್ಟುಕೊಂಡು ಫೋನಿನ ಪಕ್ಕ ಕೂರುತ್ತಿದ್ದೆ. ಶನಿವಾರ, ಭಾನುವಾರ ರಜೆ. ಒಂದು ಶುಕ್ರವಾರ ಸಂಜೆ, "ಅಬ್ಬಾ, ಈ ವಾರ ಮುಗೀತು" ಎಂದು ನನಗೇ ಹೇಳಿಕೊಂಡೆ. ಅಂಥ ಮಾತು ಹೇಳಿ ಎರಡು ವರ್ಷವಾಗಿತ್ತು.

ಗಂಡನಿಗೆ ಇದು ತಿಳಿದದ್ದು ಜ್ವರ ಬಂದು ಮಧ್ಯಾಹ್ನವೇ ಮನೆಗೆ ಬಂದ ದಿನ. ನಾನು ಒಬ್ಬಾಕೆಗೆ ಸಮಾಧಾನ ಹೇಳುತ್ತಿದ್ದೆ. ಬೂಟು ಬಿಚ್ಚದೆ ಹಾಗೇ ನಿಂತು ಕೇಳಿಸಿಕೊಂಡರು.

"ಯಾರ ಜೊತೆ ಮಾತಾಡ್ತಿದ್ದೆ?"

"ಕಸ್ಟಮರ್ ಜೊತೆ."

"ಯಾರ ಕಸ್ಟಮರು?"

ಎಲ್ಲ ಹೇಳಿದೆ. ನೋಟ್‌ಬುಕ್ಕು ತೋರಿಸಿದೆ. ಅವರು ಪುಟ ತಿರುಗಿಸುತ್ತಾ ಬೆವರಿದರು, ಜ್ವರಕ್ಕೋ ಹೆದರಿಕೆಗೋ.

"ನಿಂಗೆ ತಲೆ ಕೆಟ್ಟಿದ್ಯಾ? ಕೆಲ್ಸ ಮಾಡೋ ಹಾಗಿಲ್ಲ ನೀನು. ವೀಸಾ ಕ್ಯಾನ್ಸಲ್ ಮಾಡಿ ಇಬ್ರನ್ನೂ ಓಡಿಸ್ತಾರೆ."

"ಸಂಬಳ ಇಲ್ವಲ್ಲ ರೀ. ಸಂಬಳ ಇಲ್ದೆ ಇದ್ರೆ ಅದು ಕೆಲ್ಸ ಹೇಗಾಗುತ್ತೆ?"

"ಕೆಲ್ಸ ಅಲ್ದೆ ಇದ್ರೆ ಇನ್ನೇನು ಇದು?"

ನಾನು ನೋಟ್‌ಬುಕ್ಕು ಎತ್ತಿಟ್ಟೆ. ಅವರು ಮಾತ್ರೆ ನುಂಗಿ ಮಲಗಿದರು. ಸಂಜೆ ಎದ್ದು, "ಆ ಎರಡೂ ಎಡಗಡೆ ಬಾಗಿಲು ಬಂದಿದ್ದು, ಅದೇನಾಯ್ತು?" ಎಂದು ಕೇಳಿದರು.

ಒಂದು ದಿನ ನಮ್ಮ ಪಕ್ಕದ ಊರಾದ ಡಬ್ಲಿನ್‌ನಿಂದ ಒಬ್ಬ ಹೆಂಗಸು ಕರೆ ಮಾಡಿದಳು. ಇಂಗ್ಲಿಷಿನಲ್ಲಿ ಸೋಫಾ ವಿಷಯ ಹೇಳಿ, ನಾನು ಹೋಲ್ಡ್ ಮಾಡಿಸಿದಾಗ ಪಕ್ಕದಲ್ಲಿದ್ದವರ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ, "ಏನೋ ನೋಡ್ತೀನಿ ಅಂತಾವಳೆ ಕಣಮ್ಮ. ಇವ್ರನ್ನ ನಂಬ್ಕೊಂಡು ನೆಲದ್ ಮೇಲೆ ಕೂತದ್ದೇ ಬಂತು" ಅಂದಳು. ವಾರಗಟ್ಟಲೆ ಹಗಲಲ್ಲಿ ಒಂದು ಕನ್ನಡದ ಮಾತು ಕೇಳಿರಲಿಲ್ಲ. "ನಮ್ಮ ಕಡೆಯವರಾ ನೀವು?" ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ಕೇಳಿದರೆ ನಾನು ಯಾರೆಂದು ಹೇಳಬೇಕಾಗುತ್ತದೆ. ಇಪ್ಪತ್ತು ಎಣಿಸಿ ಮುಗಿಸಿ, ಇಂಗ್ಲಿಷಿನಲ್ಲಿ "ಕಾದಿದ್ದಕ್ಕೆ ಥ್ಯಾಂಕ್ಸ್" ಅಂದೆ. ಫೋನಿಟ್ಟ ಮೇಲೆ ಬಹಳ ಹೊತ್ತು ನನ್ನ ಮೇಲೆ ನನಗೇ ಅಸಹ್ಯವಾಯಿತು. ಒಂಟಿತನ ಕಳೆಯಲು ಹಿಡಿದ ಕೆಲಸಕ್ಕಾಗಿ, ಮನೆ ಬಾಗಿಲಿಗೆ ಬಂದ ಸ್ನೇಹವನ್ನೇ ವಾಪಸು ಕಳಿಸಿದ್ದೆ.

ಆದರೆ ನಿಜವಾದ ತಪ್ಪು ಮಾಡಿದ್ದು ಸ್ಯಾನ್ ರಮೋನ್‌ನ ಒಬ್ಬ ಮುದುಕರ ವಿಷಯದಲ್ಲಿ. ರಿಟೈರಾದ ಮೇಷ್ಟರು, ಅಮೆರಿಕನ್ನರು. ಊಟದ ಮೇಜು ಮತ್ತು ನಾಲ್ಕು ಕುರ್ಚಿಗೆ ಆರ್ಡರ್ ಕೊಟ್ಟಿದ್ದರು. ಕುರ್ಚಿ ಬಂದಿದ್ದವು, ಮೇಜು ಬಂದಿರಲಿಲ್ಲ. ಪ್ರತಿ ಮಂಗಳವಾರ ಹತ್ತು ಗಂಟೆಗೆ ಸರಿಯಾಗಿ ಕರೆ ಮಾಡುತ್ತಿದ್ದರು. ಕೂಗಾಡುವವರಲ್ಲ. ಮೇಜಿನ ವಿಚಾರ ಎರಡು ಮಾತಿನಲ್ಲಿ ಮುಗಿಸಿ, ಹೆಂಡತಿಯ ಮಂಡಿನೋವು, ಹಿತ್ತಲಿನ ನಿಂಬೆಗಿಡ ಎಂದು ಮಾತಾಡುತ್ತಿದ್ದರು. ನನ್ನ ಊರು ಕೇಳಿದರು, ಹಾಸನ ಎಂದೆ. ಮುಂದಿನ ವಾರದ ಹೊತ್ತಿಗೆ ಮ್ಯಾಪಿನಲ್ಲಿ ಅದನ್ನು ಹುಡುಕಿಟ್ಟುಕೊಂಡಿದ್ದರು. ಆರು ವರ್ಷದಿಂದ ಮನೆಗೆ ಬಾರದ ಮಗಳು ಈ ಸಲ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬರುತ್ತಿದ್ದಾಳೆ, ಅಷ್ಟರೊಳಗೆ ಮೇಜು ಬರುತ್ತದಲ್ಲವೇ ಎಂದು ಒಂದು ಮಂಗಳವಾರ ಕೇಳಿದರು.

ಬಸ್ ನಿಲ್ದಾಣದಲ್ಲಿ ನಮಗೆ ಒಂದು ಮಾತು ಹೇಳಿಕೊಟ್ಟಿದ್ದರು: ಬಸ್ಸು ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೂ ಗೊತ್ತಿಲ್ಲ ಅನ್ನಬೇಡಿ, ಡಿಪೋದಿಂದ ಹೊರಟಿದೆ ಅನ್ನಿ, ಜನ ಸಮಾಧಾನವಾಗಿರುತ್ತಾರೆ. ನಾನು ಮುದುಕರಿಗೆ ಹೇಳಿದೆ, "ಟ್ರಕ್ಕು ಹೊರಟಿದೆ. ಹಬ್ಬದೊಳಗೆ ಖಂಡಿತ ಬರುತ್ತದೆ."

ಹಬ್ಬಕ್ಕೆ ಒಂಬತ್ತು ದಿನವಿದ್ದಾಗ ಅವರು ಮತ್ತೆ ಕರೆ ಮಾಡಿದರು. ದನಿಯಲ್ಲಿ ಖುಷಿಯಿತ್ತು. "ನಿಮ್ಮ ಮಾತು ನಂಬಿ ಹಳೆಯ ಮೇಜನ್ನು ಚರ್ಚಿಗೆ ಕೊಟ್ಟುಬಿಟ್ಟೆವು. ಈಗ ಹೊಸದಕ್ಕೆ ಜಾಗ ಖಾಲಿಯಿದೆ" ಅಂದರು.

ನನ್ನದು ಎಂಥ ಆಟವಾಗಿತ್ತೆಂದು ಆ ಕ್ಷಣದವರೆಗೆ ನಾನು ಯೋಚಿಸಿರಲಿಲ್ಲ.

ಮಾರನೇ ದಿನ ಬಾರ್ಟ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಕಂಪನಿಯ ವಿಳಾಸ ಹುಡುಕಿ ಹೋದರೆ ದೊಡ್ಡದೊಂದು ಹಳೇ ಗೋದಾಮು. ಒಳಗೆ ಬಣ್ಣಬಣ್ಣದ ಗೋಡೆ, ಸಾಲು ಸಾಲು ಕಂಪ್ಯೂಟರು, ಅರ್ಧಕ್ಕರ್ಧ ಕುರ್ಚಿ ಖಾಲಿ. ಒಂದು ನಾಯಿ ಆರಾಮವಾಗಿ ಓಡಾಡಿಕೊಂಡಿತ್ತು. ಗ್ರಾಹಕರ ವಿಭಾಗ ನೋಡಿಕೊಳ್ಳುವವನು ಅಂತ ಬಂದವನಿಗೆ ಇಪ್ಪತ್ತೈದು ಆಗಿದ್ದಿರಬಹುದು. ಕಣ್ಣು ಕೆಂಪಗಾಗಿದ್ದವು. ನೋಟ್‌ಬುಕ್ಕು ಕೊಟ್ಟು ಎಲ್ಲ ಹೇಳಿದೆ. ಪೊಲೀಸರನ್ನು ಕರೆಯುತ್ತಾನೇನೋ ಎಂದು ಹೆದರಿಕೊಂಡು ನಿಂತಿದ್ದೆ.

ಅವನು ಪುಟಪುಟವನ್ನೂ ಓದಿದ. "ನಿಮ್ಮ ಕಾಗದಗಳು ಬರುತ್ತಿದ್ದವು. ಒಳಗಿನವರೇ ಯಾರೋ ಕಳಿಸುತ್ತಿದ್ದಾರೆ ಅಂದುಕೊಂಡಿದ್ದೆವು" ಅಂದ. ಆಮೇಲೆ, "ನೀವು ನಮ್ಮಲ್ಲೇ ಕೆಲಸಕ್ಕೆ ಬನ್ನಿ. ವೀಸಾ ನಾವು ಮಾಡಿಸುತ್ತೇವೆ" ಅಂದ.

ಆ ಮಾತು ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮೈ ಹಗುರಾಯಿತು. ಮುದುಕರನ್ನು ಒಂದು ಗಳಿಗೆ ಪೂರ್ತಿ ಮರೆತೇಬಿಟ್ಟೆ. ನೆನಪಾದ ಮೇಲೆ ನಾಚಿಕೆಯಿಂದ ಕೇಳಿದೆ, "ಸ್ಯಾನ್ ರಮೋನ್‌ಗೆ ಹೋಗಬೇಕಾದ ಮೇಜು ಎಲ್ಲಿದೆ?"

ಅವನು ನೋಟ್‌ಬುಕ್ಕು ಮುಚ್ಚಿದ. "ಟ್ರಕ್ಕಿನವರು ಕೆಲಸ ನಿಲ್ಲಿಸಿ ತಿಂಗಳಾಯಿತು. ಮೇಜುಗಳು ಎಲ್ಲಿವೆಯೋ ನಮಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ಇಲ್ಲಿ ನಾನು ದಿನವಿಡೀ ಏನು ಮಾಡುತ್ತೇನೆ ಅನ್ನುವುದೂ ನನಗೆ ಗೊತ್ತಿಲ್ಲ" ಎಂದು ನಕ್ಕ. ಪುಟಗಳ ಜೆರಾಕ್ಸ್ ತೆಗೆದುಕೊಂಡು ನೋಟ್‌ಬುಕ್ಕು ವಾಪಸು ಕೊಟ್ಟ.

ರೈಲಿನಲ್ಲಿ ವಾಪಸು ಬರುವಾಗ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಕೊನೆಗೂ ಒಬ್ಬರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ಕರೆದ ಕೆಲಸವೋ, ಇಲ್ಲದ ಟ್ರಕ್ಕುಗಳನ್ನು ಹೊರಟಿವೆ ಅನ್ನುವುದು.

ಮುಂದಿನ ಮಂಗಳವಾರ ಹತ್ತು ಗಂಟೆಗೆ ಫೋನು ಹೊಡೆದುಕೊಂಡರೂ ಎತ್ತುವ ಧೈರ್ಯವಾಗಲಿಲ್ಲ. ಹಬ್ಬದ ಹಿಂದಿನ ದಿನ ಬುಧವಾರ. ಗಂಡ ಮಧ್ಯಾಹ್ನಕ್ಕೇ ಆಫೀಸಿನಿಂದ ಬಂದಿದ್ದರು. ಮುದುಕರ ವಿಷಯವೆಲ್ಲ ಹೇಳಿ, ನಾವು ಗ್ಯಾರೇಜ್ ಸೇಲಿನಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದ ನಮ್ಮ ಊಟದ ಮೇಜನ್ನು ತೋರಿಸಿ, "ಇದನ್ನ ಅವ್ರಿಗೆ ಕೊಡೋಣ್ವಾ?" ಅಂದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಟೇಪು ತಂದು ಮೇಜಿನ ಅಗಲ ಅಳೆದರು. ಹಗ್ಗ ಸಾಲದೆ ನನ್ನ ಎರಡು ಕಾಟನ್ ಸೀರೆ ಸೇರಿಸಿ ಕಾರಿನ ತಲೆಗೆ ಬಿಗಿದರು. ಆರುನೂರ ಎಂಬತ್ತರ ಫ್ರೀವೇ ಪೂರ್ತಿ ಹಬ್ಬಕ್ಕೆ ಹೊರಟವರ ಕಾರುಗಳಿಂದ ಕಟ್ಟಿಹೋಗಿತ್ತು. ಪಕ್ಕದ ಕಾರಿನ ಮಕ್ಕಳು ನಮ್ಮ ಹಸಿರು ಸೀರೆಯ ಅಂಚು ಹಾರುವುದನ್ನು ನೋಡಿ ಕೈಬೀಸಿದರು.

"ಎಷ್ಟೋ ದಿನ ಆಗಿತ್ತು ಕಣೆ" ಅಂದರು ಗಂಡ.

"ಏನು?"

"ಗೊತ್ತಿಲ್ಲ. ಹಿಂಗೆ ಒಂದು ಸಾಮಾನು ತಗೊಂಡೋಗಿ ಒಂದು ಕಡೆ ಇಡೋದು."

ಬಾಗಿಲು ತೆರೆದವರು ಮುದುಕರೇ. ನಾನು ಊಹಿಸಿದ್ದಕ್ಕಿಂತ ಎತ್ತರ, ಬೆನ್ನು ಬಾಗಿತ್ತು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದು ಮುಖ ಅರಳಿಸಿದರು. "ನೀವೇ ತಂದಿರಾ!" ಅಂದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ಗಂಡ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರು. ನಾನು ಹೇಳಿಬಿಟ್ಟೆ. ಕಂಪನಿಗೂ ನನಗೂ ಸಂಬಂಧವಿಲ್ಲ, ನಂಬರು ತಪ್ಪಾಗಿ ಅಚ್ಚಾಗಿತ್ತು, ಟ್ರಕ್ಕು ಹೊರಟಿರಲೇ ಇಲ್ಲ, ಇದು ನಮ್ಮ ಮನೆಯ ಮೇಜು.

ಅವರ ಮುಖದಿಂದ ನಗು ಮೆಲ್ಲಗೆ ಇಳಿಯಿತು.

"ಇಷ್ಟು ವಾರ?" ಎಂದು ಕೇಳಿದರು.

"ಹೌದು."

"ಹಾಸನ ಅನ್ನುವುದಾದರೂ ನಿಜವೇ?"

ಆ ಪ್ರಶ್ನೆ ಚುಚ್ಚಿದಷ್ಟು ಬೇರೆ ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ನಿಜ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಅವರ ಹೆಂಡತಿ ಮಂಡಿ ಹಿಡಿದುಕೊಂಡು ಬಂದು, ಕಾರಿನ ಮೇಲಿದ್ದ ಮೇಜನ್ನೂ ಸೀರೆಗಳನ್ನೂ ನೋಡಿ, ಜೋರಾಗಿ ನಕ್ಕುಬಿಟ್ಟರು. "ಚಳಿಯಲ್ಲಿ ನಿಲ್ಲಿಸಬೇಡಿ, ಒಳಗೆ ತರಲಿ" ಅಂದರು. ಗಂಡನೂ ಮುದುಕರೂ ಎರಡು ಕಡೆ ಹಿಡಿದು ತಂದು ಇಟ್ಟರು. ಅವರ ಕುರ್ಚಿಗಳಿಗೆ ನಮ್ಮ ಮೇಜು ಒಂದು ಗೇಣು ತಗ್ಗು. ಮುದುಕರು ಮರ್ಯಾದೆಗೆ ಥ್ಯಾಂಕ್ಸ್ ಹೇಳಿದರು, ಕೈ ಕೊಡಲಿಲ್ಲ. ಹೆಂಡತಿ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಆಮೇಲಿನ ಮಂಗಳವಾರ ಹತ್ತು ಗಂಟೆಗೆ ಫೋನಿನ ಮುಂದೆ ಕೂತಿದ್ದೆ. ಅದು ಹೊಡೆದುಕೊಳ್ಳಲಿಲ್ಲ. ಮತ್ತೆ ಎಂದೂ ಅವರು ಕರೆ ಮಾಡಲಿಲ್ಲ.

ಎರಡು ವಾರಕ್ಕೆ ಆ ಕಂಪನಿ ಮುಚ್ಚಿದ ಸುದ್ದಿ ಪೇಪರಿನಲ್ಲಿ ಬಂತು. ವೀಸಾದ ಕಾಗದ ಬರಲೇ ಇಲ್ಲ. ಒಂದು ವಾರ ಕರೆಗಳ ಮೇಲೆ ಕರೆ ಬಂದವು. ಎಲ್ಲರಿಗೂ ಕಂಪನಿ ಮುಚ್ಚಿದೆ, ನಾನು ಅದರವಳಲ್ಲ ಎಂದು ನಿಜವನ್ನೇ ಹೇಳಿದೆ. ನಿಜ ಕೇಳಿದವರೆಲ್ಲ ನನ್ನನ್ನು ಬೈದರು. ಆಮೇಲೆ ಫೋನು ತಣ್ಣಗಾಯಿತು. ಮುಂದಿನ ವರ್ಷ ಗಂಡನ ಕಂಪನಿಯೂ, ಯಾರು ಯಾರ ಜೊತೆ ಏನು ಮಾತಾಡಬೇಕೆಂದು ತೀರ್ಮಾನವಾಗುವ ಮೊದಲೇ, ಮುಚ್ಚಿಹೋಯಿತು. ಅವರಿಗೆ ಬೇಗನೆ ಬೇರೆ ಕಡೆ ಸಿಕ್ಕಿದ್ದು ನಮ್ಮ ಅದೃಷ್ಟ.

ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಮಗಳು ಹುಟ್ಟಿ, ನಾವು ಡಬ್ಲಿನ್‌ಗೆ ಮನೆ ಬದಲಾಯಿಸಿದ್ದೆವು. ನಾನು ಕಾರು ಓಡಿಸಲು ಕಲಿತು, ಒಬ್ಬ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಮುಂದಿನ ಡೆಸ್ಕಿಗೆ ಸೇರಿದೆ. ಅಪಾಯಿಂಟ್‌ಮೆಂಟು ಕೊಡುವುದು, ಬಂದವರನ್ನು ಕೂರಿಸುವುದು. ಒಳ್ಳೆಯ ಜನ. ಇಲ್ಲಿ ಹೇಳಿದ ಮಾತೆಲ್ಲ ನಿಜ, ಹತ್ತು ಗಂಟೆ ಎಂದರೆ ಹತ್ತು ಗಂಟೆ. ಆದರೂ ಸೇರಿ ಆರು ತಿಂಗಳಾಗುವುದರೊಳಗೆ, ಊಟದ ಬಿಡುವಿನಲ್ಲಿ ಕೈ ಒರೆಸಿಕೊಂಡು ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ನಿಂತಿದ್ದೆ. ನನಗೇ ಆಶ್ಚರ್ಯವಾಯಿತು. ಬೇಕೆಂದದ್ದು ಸಿಕ್ಕಿತ್ತಲ್ಲ! ಸುಳ್ಳು ನೌಕರಿಯಲ್ಲಿದ್ದಾಗ ಒಂದು ದಿನವೂ ಹಾಗಾಗಿರಲಿಲ್ಲ. ಹಾಗಾದರೆ ಆ ದಿನಗಳಿಗೆ ಅರ್ಥ ಕೊಟ್ಟದ್ದು ಏನು, ಜನರ ಕಷ್ಟವೋ ನನ್ನ ಸುಳ್ಳೋ? ಎರಡರಲ್ಲಿ ಯಾವುದು ಅಂದರೂ ನನಗೆ ಒಳ್ಳೆಯ ಹೆಸರು ಬರುವುದಿಲ್ಲ.

ಮಗಳಿಗೆ ಹನ್ನೆರಡಾದಾಗ ಒಮ್ಮೆ ಇದನ್ನೆಲ್ಲ ಹೇಳಿದೆ. ನಾನು ಕನ್ನಡದಲ್ಲಿ ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ.

"ಸೋ ಯೂ ವರ್ ಲೈಯಿಂಗ್ ಟು ದೆಮ್, ಅಮ್ಮ?"

"ಹೌದು."

"ವುಡ್ ಯೂ ಡೂ ಇಟ್ ಅಗೇನ್?"

"ಇಲ್ಲಪ್ಪ" ಅಂದೆ. ಅವಳ ಟವೆಲ್ಲು ಮಡಿಸಿ ಚೀಲಕ್ಕೆ ಹಾಕುತ್ತಾ, "ಗೊತ್ತಿಲ್ಲ ಮಗಳೇ, ಮಾಡ್ತೀನೋ ಏನೋ" ಅಂದೆ.

ಅವಳು ನನ್ನನ್ನು ಒಂದು ಥರಾ ನೋಡಿ, ಶೂ ಹಾಕಿಕೊಳ್ಳಲು ಕೂತಳು. ಅವಳ ಈಜಿನ ಕ್ಲಾಸಿಗೆ ಹೊತ್ತಾಗಿತ್ತು. ನಾನು ಕಾರಿನ ಕೀ ಹುಡುಕತೊಡಗಿದೆ.